ಸಿಬಿಸಿಗೆ ಯಾವ ಕೋಡ್? 85025 ಮತ್ತು 85027ರ ನಡುವಿನ ಲೆಕ್ಕ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲ ದಿನ ಒಂದೇ ಒಂದು ಹಾಳೆ ಕೊಡುತ್ತೇನೆ. ಮೇಲ್ಭಾಗದಲ್ಲಿ ವೈದ್ಯರ ಟಿಪ್ಪಣಿಯ ಒಂದು ಸಾಲು: ‘ಸಿಬಿಸಿ ಮಾಡಿಸಿ’, ಅಂದರೆ ಸಂಪೂರ್ಣ ರಕ್ತ ಎಣಿಕೆ. ಕೆಳಗೆ ಪ್ರಯೋಗಾಲಯದ ವರದಿ. ಹಿಮೋಗ್ಲೋಬಿನ್ 11.2, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 34, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್. ಅದರ ಕೆಳಗೆ ನ್ಯೂಟ್ರೋಫಿಲ್ ಇಷ್ಟು, ಲಿಂಫೋಸೈಟ್ ಇಷ್ಟು, ಇಯೊಸಿನೋಫಿಲ್ ಇಷ್ಟು ಎಂದು ಬಿಳಿ ಕಣಗಳ ಬಗೆಗಳ ಶೇಕಡಾವಾರು ಪಟ್ಟಿ. ‘ಕೋಡ್ ಬರೆಯಿರಿ’ ಎನ್ನುತ್ತೇನೆ. ಅರ್ಧ ನಿಮಿಷದೊಳಗೆ ಉತ್ತರ ಬರುತ್ತದೆ: 85025. ಎಲ್ಲಿಂದ ಬಂತು ಎಂದು ಕೇಳಿದರೆ ವರದಿಯ ಕಡೆಗೆ ಬೆರಳು ತೋರಿಸುತ್ತಾರೆ. ಗೊಂದಲವೆಲ್ಲ ಆ ಬೆರಳಿನಿಂದಲೇ ಶುರು.

ಬೆಂಗಳೂರು, ಮಂಗಳೂರುಗಳಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಕೋಡ್ ಹಾಕುವ ಕಚೇರಿಗಳಿವೆ. ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದವರು ಅಲ್ಲಿ ಕೂತು, ತಾವೆಂದೂ ನೋಡದ ರೋಗಿಯ ದಾಖಲೆ ಓದಿ, ನಡೆದದ್ದನ್ನೆಲ್ಲ ಐದು ಅಂಕಿಗಳ ಸಂಖ್ಯೆಯಾಗಿ ಬರೆಯುತ್ತಾರೆ. ಮನೆಯವರು ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಸುಮ್ಮನಾಗುವ ಈ ಕೆಲಸದಲ್ಲಿ ನಾನೂ ಒಬ್ಬ. ಹೃದಯದ ಶಸ್ತ್ರಚಿಕಿತ್ಸೆಗೆ ಕೋಡ್ ಹಾಕುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ. ಎಡವುವುದು ಸಿಬಿಸಿಯಂಥ ದಿನಕ್ಕೆ ನೂರಾರು ಬರುವ, ಕಣ್ಣು ಮುಚ್ಚಿ ಹಾಕಬಹುದೆಂದು ತೋರುವ ಪುಟ್ಟ ಪರೀಕ್ಷೆಯಲ್ಲಿ.

ಮೊದಲು ಈ ಸಂಖ್ಯೆಗಳ ಮೂಲ ನೋಡೋಣ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಸಿಪಿಟಿ ಎಂಬ ಸಂಕೇತಪಟ್ಟಿ ಈಗ ಪ್ರತಿ ವರ್ಷ ಪರಿಷ್ಕರಣೆಗೊಳ್ಳುತ್ತದೆ. ವೈದ್ಯರು ಮಾಡಿದ ಪ್ರತಿಯೊಂದು ಕೆಲಸಕ್ಕೂ ಅದರಲ್ಲಿ ಒಂದು ಸಂಖ್ಯೆ. ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಇರಲಿ, ಖಾಸಗಿ ವಿಮಾ ಕಂಪನಿ ಇರಲಿ, ಹಣ ಕೊಡುವುದು ಆ ಸಂಖ್ಯೆ ನೋಡಿ. ರಕ್ತಕಣಗಳ ಎಣಿಕೆಯ ಕುಟುಂಬ 85004ರಿಂದ ಆರಂಭವಾಗಿ 85049ರವರೆಗೆ ಹರಡಿಕೊಂಡಿದೆ. ನಮ್ಮೂರಿನ ಲ್ಯಾಬ್‌ನಲ್ಲಿ ಸಿಬಿಸಿ ಎಂದರೆ ರಸೀದಿಯ ಮೇಲೆ ಒಂದು ಸಾಲು, ಒಂದು ದರ. ಅಲ್ಲಿ ಅದೇ ರಕ್ತಕ್ಕೆ ಹತ್ತಾರು ಹೆಸರು.

ಇಷ್ಟೊಂದು ಹೆಸರು ಏಕೆ ಎಂಬುದಕ್ಕೆ ಉತ್ತರ ಪ್ರಯೋಗಾಲಯದ ಇತಿಹಾಸದಲ್ಲಿದೆ. ಒಂದು ಕಾಲದಲ್ಲಿ ರಕ್ತಕಣ ಎಣಿಸುವುದೆಂದರೆ, ಗೆರೆ ಕೊರೆದ ಗಾಜಿನ ಫಲಕದ ಮೇಲೆ ತೆಳುಗೊಳಿಸಿದ ರಕ್ತದ ಹನಿ ಇಟ್ಟು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಚೌಕದಿಂದ ಚೌಕಕ್ಕೆ ಒಂದು, ಎರಡು, ಮೂರು ಎಂದು ಎಣಿಸುವುದು. ಅಮೆರಿಕದ ವ್ಯಾಲೇಸ್ ಕೌಲ್ಟರ್ ಎಂಬ ಎಂಜಿನಿಯರ್‌ಗೆ 1953ರಲ್ಲಿ ಒಂದು ಪೇಟೆಂಟ್ ಸಿಕ್ಕಿತು. ವಿದ್ಯುತ್ ಹರಿಯುತ್ತಿರುವ ದ್ರವದಲ್ಲಿ ಅತಿ ಸಣ್ಣ ತೂತಿನ ಮೂಲಕ ಒಂದೊಂದೇ ಕಣ ಹಾದುಹೋಗುವಾಗ ವಿದ್ಯುತ್ ರೋಧ ಕ್ಷಣಕಾಲ ಏರುತ್ತದೆ. ಆ ಏರಿಕೆಯನ್ನು ಎಣಿಸಿದರೆ ಕಣಗಳನ್ನು ಎಣಿಸಿದಂತೆ. ಅಲ್ಲಿಂದ ಮುಂದೆ ಯಂತ್ರ ಒಂದೊಂದಾಗಿ ಕೆಲಸಗಳನ್ನು ಕೈಯಿಂದ ಕಿತ್ತುಕೊಂಡಿತು, ಆದರೆ ಪೂರ್ತಿಯಾಗಿ ಅಲ್ಲ. ಕೋಡ್ ಪುಸ್ತಕದಲ್ಲಿ ‘ಯಂತ್ರದಿಂದ’, ‘ಕೈಯಿಂದ’ ಎಂಬ ಎರಡು ಪದಗಳು ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಹಳೆಯ ಮನೆಯೊಂದರಲ್ಲಿ ಅಣ್ಣ ತಮ್ಮಂದಿರು ಗೋಡೆ ಎಬ್ಬಿಸಿಕೊಂಡ ಹಾಗೆ ಈ ಪಟ್ಟಿಯ ಕೋಣೆಗಳು ಬೆಳೆದಿವೆ. ನೀಲನಕ್ಷೆ ಹುಡುಕಿದರೆ ಸಿಗುವುದಿಲ್ಲ.

ಐದು ಮತ್ತು ಆರು

ಈಗ ಮುಖ್ಯ ಜೋಡಿಗೆ ಬರೋಣ. 85027 ಎಂದರೆ ಯಂತ್ರ ಮಾಡಿದ ಸಂಪೂರ್ಣ ರಕ್ತ ಎಣಿಕೆ. ಅದರಲ್ಲಿ ಐದು ಅಂಶ ಇರಲೇಬೇಕು: ಹಿಮೋಗ್ಲೋಬಿನ್, ಹೆಮಟೋಕ್ರಿಟ್, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್. 85025 ಎಂದರೆ ಈ ಐದರ ಜೊತೆ ಆರನೆಯದಾಗಿ ಯಂತ್ರವೇ ಮಾಡಿದ ಡಿಫರೆನ್ಷಿಯಲ್.

ಡಿಫರೆನ್ಷಿಯಲ್ ಎಂಬ ಪದಕ್ಕೆ ಹೆದರಬೇಕಾಗಿಲ್ಲ. ಜಾತ್ರೆಗೆ ಎಷ್ಟು ಜನ ಬಂದಿದ್ದರು ಎಂಬುದು ಒಂದು ಲೆಕ್ಕ. ಅವರಲ್ಲಿ ಯಾವ ಊರಿನವರು ಎಷ್ಟು ಎಂಬುದು ಇನ್ನೊಂದು ಲೆಕ್ಕ. ಬಿಳಿ ಕಣಗಳ ಒಟ್ಟು ಸಂಖ್ಯೆ ಮೊದಲನೆಯದು, ಅವುಗಳಲ್ಲಿ ಐದು ಬಗೆಯವು ಎಷ್ಟೆಷ್ಟು ಎಂಬುದು ಎರಡನೆಯದು. ನಮ್ಮ ಊರುಗಳ ಹಳೆಯ ವೈದ್ಯರು ಚೀಟಿಯಲ್ಲಿ ‘ಟಿಸಿ, ಡಿಸಿ’ ಎಂದು ಗೀಚುತ್ತಿದ್ದುದು ಈ ಎರಡನ್ನೇ. ಅಮೆರಿಕದ ಕೋಡ್ ಭಾಷೆಯಲ್ಲಿ ಹೇಳುವುದಾದರೆ, ಯಂತ್ರದ ಟಿಸಿ 85048, ಯಂತ್ರದ ಡಿಸಿ 85004. ಬರೀ ಇವೆರಡನ್ನೇ ಕೇಳಿದ್ದರೆ ಈ ಎರಡು ಸಂಖ್ಯೆ. ಉಳಿದದ್ದೂ ಸೇರಿ ಪೂರ್ತಿ ಕೇಳಿದ್ದರೆ 85025 ಒಂದೇ.

ಇನ್ನು ಎಂಸಿವಿ, ಎಂಸಿಎಚ್, ಎಂಸಿಎಚ್‌ಸಿ, ಆರ್‌ಡಿಡಬ್ಲ್ಯೂ ಎಂದು ವರದಿಯಲ್ಲಿ ಸಾಲುಗಟ್ಟಿ ಬರುತ್ತವಲ್ಲ, ಅವಕ್ಕೆ ಪ್ರತ್ಯೇಕ ಬಿಲ್ ಇಲ್ಲ. ಕೆಂಪು ಕಣದ ಸರಾಸರಿ ಗಾತ್ರ, ಅದರೊಳಗಿನ ಹಿಮೋಗ್ಲೋಬಿನ್ ಪ್ರಮಾಣ ಇತ್ಯಾದಿ ಸೂಚ್ಯಂಕಗಳು ಇವು. ಯಂತ್ರ ತಾನಾಗಿ ಲೆಕ್ಕ ಹಾಕಿ ಕೊಡುತ್ತದೆ. ವೈದ್ಯರಿಗೆ ಇವು ಬಹಳ ಮುಖ್ಯ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಎಂಸಿವಿ ಇಳಿಯುತ್ತದೆ, ಬಿ12 ಕೊರತೆಯಲ್ಲಿ ಏರುತ್ತದೆ. ಬಿಲ್ಲಿನ ಮಟ್ಟಿಗೆ ಮಾತ್ರ ಊಟದ ಜೊತೆ ಬರುವ ಉಪ್ಪಿನಕಾಯಿ. ಅದಕ್ಕೂ ದುಡ್ಡು ಕೇಳಿದವರು ಒಮ್ಮೆ ಇದ್ದರು. 1990ರ ದಶಕದಲ್ಲಿ ಅಮೆರಿಕ ಸರ್ಕಾರ ದೊಡ್ಡ ಪ್ರಯೋಗಾಲಯಗಳ ಬಿಲ್ಲುಗಳನ್ನು ಜಾಲಾಡಿದ ‘ಲ್ಯಾಬ್‌ಸ್ಕ್ಯಾಮ್’ ತನಿಖೆಗಳ ಕಾಲದಲ್ಲಿ, ಯಾರೂ ಕೇಳದ ಪರೀಕ್ಷೆಗಳನ್ನು ಪ್ಯಾಕೇಜಿಗೆ ಸೇರಿಸಿದ ದೂರುಗಳ ನಡುವೆ ಈ ಸೂಚ್ಯಂಕಗಳಿಗೆ ಬೇರೆ ಬಿಲ್ ಹಾಕಿದ ದೂರುಗಳೂ ಇದ್ದವು. ಕೋಟ್ಯಂತರ ಡಾಲರ್ ಕಟ್ಟಿ ಪ್ರಯೋಗಾಲಯಗಳು ರಾಜಿ ಮಾಡಿಕೊಂಡವು. ಅಲ್ಲಿ ಸರ್ಕಾರಕ್ಕೆ ಸುಳ್ಳು ಬಿಲ್ ಕೊಟ್ಟವರ ಮೇಲೆ ಬಳಸುವ ಕಾಯ್ದೆ 1863ರದು, ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕಳಪೆ ಸಾಮಾನು ಕೊಟ್ಟ ಗುತ್ತಿಗೆದಾರರನ್ನು ಹಿಡಿಯಲು ಮಾಡಿದ್ದು. ನೂರೈವತ್ತು ವರ್ಷದ ಮೇಲೂ ಅದರ ಹಲ್ಲು ಮೊಂಡಾಗಿಲ್ಲ.

ಕೇಳಿದ್ದು, ಮಾಡಿದ್ದು, ಕೊಟ್ಟದ್ದು

ಈಗ ಹಾಳೆಗೆ ಮರಳೋಣ. ವರದಿಯಲ್ಲಿ ಡಿಫರೆನ್ಷಿಯಲ್ ಇದೆ, ಹಾಗಾಗಿ 85025 ಎಂದರು ನಮ್ಮ ಹೊಸಬರು. ಆದರೆ ವೈದ್ಯರು ಡಿಫರೆನ್ಷಿಯಲ್ ಕೇಳಿದ್ದರೇ? ‘ಸಿಬಿಸಿ’ ಎಂಬ ಮೂರು ಅಕ್ಷರಕ್ಕೆ ಎರಡೂ ಅರ್ಥವಿದೆ. ಈ ಕಾಲದ ಯಂತ್ರಗಳು ರಕ್ತ ಹೀರಿಕೊಂಡು ಒಂದೆರಡು ನಿಮಿಷದಲ್ಲಿ ಎಲ್ಲವನ್ನೂ ಹೊರಗೆ ಕಕ್ಕುತ್ತವೆ. ನೀವು ಕೇಳಿದ್ದು ಹಿಮೋಗ್ಲೋಬಿನ್ ಮಾತ್ರವಾದರೂ ಅದರ ಹೊಟ್ಟೆಯಲ್ಲಿ ಉಳಿದದ್ದೆಲ್ಲ ಸಿದ್ಧವಾಗಿರುತ್ತದೆ. ಯಂತ್ರ ಕೊಟ್ಟಿತು ಎಂಬ ಕಾರಣಕ್ಕೆ ಬಿಲ್ ಹಾಕುವ ಹಾಗಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಕೇಳಿರಬೇಕು, ಪ್ರಯೋಗಾಲಯ ಅದನ್ನು ಮಾಡಿರಬೇಕು, ಫಲಿತಾಂಶ ವರದಿಯಾಗಿ ವೈದ್ಯರಿಗೆ ತಲುಪಿರಬೇಕು. ಈ ಮೂರೂ ಒಂದೇ ಕಡೆ ಕೂಡಿದ ಸಂಖ್ಯೆಯೇ ಕೋಡ್. ಮೂರರಲ್ಲಿ ಒಂದು ಕಡಿಮೆಯಾದರೂ ಕೋಡ್ ಅಷ್ಟರಮಟ್ಟಿಗೆ ಕೆಳಗಿಳಿಯುತ್ತದೆ.

ವೈದ್ಯರು ಡಿಫ್ (ಡಿಫರೆನ್ಷಿಯಲ್‌ಗೆ ನಮ್ಮ ಚುಟುಕು ಹೆಸರು) ಸಹಿತ ಕೇಳಿ, ಮಾದರಿ ಹಾಳಾಗಿ ಯಂತ್ರ ಡಿಫ್ ಕೊಡಲಾಗದೆ ಹೋದರೆ? ಆಗ ಕೇಳಿದ್ದು 85025 ಆದರೂ ಬಿಲ್ 85027. ವೈದ್ಯರು ಡಿಫ್ ಬೇಡ ಎಂದು ಗುರುತು ಹಾಕಿಯೂ ವರದಿಯಲ್ಲಿ ಅದು ಅಚ್ಚಾಗಿ ಬಂದಿದ್ದರೆ? ಆಗಲೂ 85027. ಕೇಳಿದ್ದು ಏನೆಂದು ಕಾಗದದಿಂದ ತಿಳಿಯದಿದ್ದರೆ? ಊಹಿಸಬೇಡಿ, ಆದೇಶದ ಮೂಲಪ್ರತಿ ತರಿಸಿ ನೋಡಿ, ಅದೂ ಸ್ಪಷ್ಟವಿಲ್ಲದಿದ್ದರೆ ವೈದ್ಯರ ಕಚೇರಿಗೆ ಪ್ರಶ್ನೆ ಕಳುಹಿಸಿ. ಉತ್ತರ ಬರಲು ಎರಡು ದಿನ ಹಿಡಿಯುತ್ತದೆ, ಮೇಲಧಿಕಾರಿ ದಿನದ ಗುರಿ ಎಷ್ಟಾಯಿತು ಎಂದು ಕೇಳುತ್ತಾರೆ. ಗೊತ್ತು. ಆದರೂ ಕಳುಹಿಸಿ.

ಇದೆಲ್ಲ ಎಷ್ಟು ದುಡ್ಡಿನ ಮಾತು ಎಂದು ಕೇಳುತ್ತೀರಿ. ಮೆಡಿಕೇರ್‌ನ ಪ್ರಯೋಗಾಲಯ ದರಪಟ್ಟಿಯಲ್ಲಿ 2020ರಿಂದ 2025ರವರೆಗೆ 85025ಕ್ಕೆ 7.77 ಡಾಲರ್, 85027ಕ್ಕೆ 6.47 ಡಾಲರ್. ವ್ಯತ್ಯಾಸ 1.30 ಡಾಲರ್. ಇಷ್ಟಕ್ಕೆ ಇಷ್ಟು ರಗಳೆಯೇ ಎನಿಸುವುದು ಸಹಜ. ದಿನಕ್ಕೆ ಸಾವಿರ ಸಿಬಿಸಿ ಮಾಡುವ ಪ್ರಯೋಗಾಲಯದಲ್ಲಿ ಅದು ದಿನಕ್ಕೆ 1,300 ಡಾಲರ್. ತಪ್ಪು ಒಬ್ಬ ಕೋಡರ್‌ನ ಕೈತಪ್ಪಾಗಿರದೆ ಕಂಪ್ಯೂಟರಿನ ಪಟ್ಟಿಯಲ್ಲೇ ಕೂತಿದ್ದರೆ, ಅಂದರೆ ‘ಸಿಬಿಸಿ’ ಎಂದೊಡನೆ 85025 ಎಂದು ತಾನಾಗಿ ತುಂಬಿಕೊಳ್ಳುವ ಹಾಗೆ ಯಾರೋ ಒಮ್ಮೆ ಜೋಡಿಸಿಟ್ಟಿದ್ದರೆ, ಅದು ವರ್ಷಗಟ್ಟಲೆ ಸದ್ದಿಲ್ಲದೆ ಓಡುತ್ತದೆ.

ಕಟ್ಟನ್ನು ಬಿಚ್ಚಿ ಮಾರುವುದು

ಇದಕ್ಕೆ ತದ್ವಿರುದ್ಧವಾದ ತಪ್ಪೊಂದಿದೆ. ಐದು ಅಂಶಗಳಿಗೂ ಬಿಡಿ ಕೋಡ್‌ಗಳಿವೆ: ಹಿಮೋಗ್ಲೋಬಿನ್ 85018, ಹೆಮಟೋಕ್ರಿಟ್ 85014, ಕೆಂಪು ಕಣ 85041, ಬಿಳಿ ಕಣ 85048, ಪ್ಲೇಟ್‌ಲೆಟ್ 85049. ಐದೂ ಒಟ್ಟಿಗೆ ಆಗಿದ್ದಾಗ ಇವನ್ನು ಬಿಡಿಬಿಡಿಯಾಗಿ ಹಾಕಿದರೆ ಮೊತ್ತ 85027ರ ಎರಡು ಪಟ್ಟನ್ನೂ ದಾಟುತ್ತದೆ. ಬಾಳೆಗೊನೆ ಕೊಂಡವನಿಗೆ ಹಣ್ಣಿನ ಲೆಕ್ಕದಲ್ಲಿ ರಸೀದಿ ಕೊಟ್ಟಂತೆ. ಈ ಆಟ ತಡೆಯಲೆಂದೇ ಮೆಡಿಕೇರ್ 1996ರಿಂದ ಎನ್‌ಸಿಸಿಐ ಎಂಬ ತಪಾಸಣಾ ಪಟ್ಟಿ ನಡೆಸುತ್ತಿದೆ. ಯಾವ ಎರಡು ಕೋಡ್‌ಗಳು ಒಂದೇ ರೋಗಿಗೆ ಒಂದೇ ದಿನ ಜೊತೆಯಾಗಿ ಬರಬಾರದು ಎಂಬ ಜೋಡಿಗಳು ಅದರಲ್ಲಿವೆ. ಮೂರು ತಿಂಗಳಿಗೊಮ್ಮೆ ಬದಲಾಗುತ್ತವೆ. ಪ್ರತಿ ಜೋಡಿಯ ಪಕ್ಕ ಸೊನ್ನೆ ಅಥವಾ ಒಂದು ಎಂಬ ಗುರುತು ಇರುತ್ತದೆ. ಸೊನ್ನೆ ಎಂದರೆ ಬಾಗಿಲು ಮುಚ್ಚಿದೆ. ಒಂದು ಎಂದರೆ ಸರಿಯಾದ ಕಾರಣವಿದ್ದು, ಸರಿಯಾದ ಮಾಡಿಫೈಯರ್, ಅಂದರೆ ಕೋಡ್‌ನ ಬಾಲಕ್ಕೆ ಸೇರಿಸುವ ಎರಡಕ್ಷರದ ಗುರುತು, ಹಾಕಿದರೆ ತೆರೆಯುತ್ತದೆ. ಒಂದು ಎಂದು ಕಂಡ ಕೂಡಲೇ ‘ಇದು ಬೇರೆಯೇ ಕೆಲಸ’ ಎಂದು ಸಾರುವ ಮಾಡಿಫೈಯರ್ 59 ಹಾಕಿ ತಳ್ಳುವವರನ್ನು ನಾನು ನೋಡಿದ್ದೇನೆ. ಕ್ಲೈಮ್ ಅಂದು ಪಾಸಾಗುತ್ತದೆ, ಲೆಕ್ಕಪರಿಶೋಧನೆಯ ದಿನ ವಾಪಸು ಬರುತ್ತದೆ.

ಇದೇ ನಿಯಮದ ಇನ್ನೊಂದು ಮುಖವನ್ನು ಹೊಸಬರು ಮರೆಯುತ್ತಾರೆ. ವೈದ್ಯರು ಎರಡೇ ಅಂಶ ಕೇಳಿದ್ದರೆ ಅದನ್ನು ಸಿಬಿಸಿ ಎನ್ನುವಂತಿಲ್ಲ. ಬೆಂಗಳೂರಿಗೆ ರಜೆಗೆ ಬಂದು ನ್ಯೂಜೆರ್ಸಿಗೆ ಮರಳಿದವರೊಬ್ಬರಿಗೆ ನಾಲ್ಕನೇ ದಿನ ಜ್ವರ ಎಂದುಕೊಳ್ಳಿ. ವೈದ್ಯರಿಗೆ ಡೆಂಗಿಯ ಅನುಮಾನ. ಮೊದಲ ದಿನ ಡಿಫ್ ಸಹಿತ ಸಿಬಿಸಿ: 85025. ಮರುದಿನದಿಂದ ಅವರು ನೋಡಬೇಕಾದದ್ದು ಎರಡೇ ಸಂಗತಿ: ಪ್ಲೇಟ್‌ಲೆಟ್ ಇಳಿಯುತ್ತಿದೆಯೇ, ಹೆಮಟೋಕ್ರಿಟ್ ಏರುತ್ತಿದೆಯೇ. ಡೆಂಗಿ ತೀವ್ರವಾದಾಗ ರಕ್ತನಾಳಗಳಿಂದ ದ್ರವ ಸೋರಿ ರಕ್ತ ಗಟ್ಟಿಯಾಗುತ್ತದೆ, ಅದರ ಸುಳಿವು ಹೆಮಟೋಕ್ರಿಟ್‌ನಲ್ಲಿ ಕಾಣುತ್ತದೆ. ಅವರು ಈ ಎರಡನ್ನಷ್ಟೇ ಬರೆದಿದ್ದರೆ ಕೋಡ್ 85049 ಮತ್ತು 85014. ಐದೂ ಅಂಶ ಇಲ್ಲದ ಕಾರಣ 85027 ಇಲ್ಲಿ ಸಲ್ಲದು. ಎರಡನ್ನು ಬಿಡಿಯಾಗಿ ಬರೆಯುವುದು ಇಲ್ಲಿ ಕಟ್ಟು ಬಿಚ್ಚಿದಂತಲ್ಲ, ಕಟ್ಟೇ ಇರಲಿಲ್ಲ.

ನಡುವಿನ ಒಂದು ವಿಚಿತ್ರ ಸ್ಥಿತಿಗೂ ಸಂಖ್ಯೆ ಇದೆ. ಪ್ಲೇಟ್‌ಲೆಟ್ ಒಂದನ್ನು ಬಿಟ್ಟು ಉಳಿದ ನಾಲ್ಕನ್ನು ಕೇಳಿದ್ದರೆ ಮೆಡಿಕೇರ್‌ಗೆ ಜಿ0307, ಆ ನಾಲ್ಕರ ಜೊತೆ ಡಿಫ್ ಇದ್ದರೆ ಜಿ0306. ಇವು ಸಿಪಿಟಿಯವಲ್ಲ, ಸರ್ಕಾರ ತಾನೇ ಮಾಡಿಕೊಂಡ ಸಂಖ್ಯೆಗಳು. ಅಪರೂಪಕ್ಕೆ ಬರುತ್ತವೆ, ಬಂದಾಗ ಯಾರಿಗೂ ನೆನಪಿರುವುದಿಲ್ಲ.

ಕಣ್ಣು, ಗಾಜು ಮತ್ತು ಒಂದು ನನ್ನ ತಪ್ಪು

ಯಂತ್ರ ಎಲ್ಲವನ್ನೂ ಮಾಡುವ ಕಾಲದಲ್ಲೂ ಗಾಜಿನ ಸ್ಲೈಡ್ ಸತ್ತಿಲ್ಲ. ರಕ್ತದ ಹನಿಯನ್ನು ಗಾಜಿನ ಮೇಲೆ ತೆಳುವಾಗಿ ಎಳೆದು, ಬಣ್ಣ ಹಾಕಿ, ತಂತ್ರಜ್ಞರು ಸಾಮಾನ್ಯವಾಗಿ ನೂರು ಬಿಳಿ ಕಣಗಳನ್ನು ಕಣ್ಣಿನಿಂದ ನೋಡಿ ವಿಂಗಡಿಸಿದರೆ ಅದು 85007, ಕೈಯಿಂದ ಮಾಡಿದ ಡಿಫರೆನ್ಷಿಯಲ್. ಸ್ಲೈಡ್ ನೋಡಿದರು, ಆದರೆ ಎಣಿಸಲಿಲ್ಲ ಎಂದಾದರೆ 85008. ರೋಗಶಾಸ್ತ್ರದ ವೈದ್ಯರು ಸ್ಲೈಡ್ ನೋಡಿ ಲಿಖಿತ ಅಭಿಪ್ರಾಯ ಕೊಟ್ಟರೆ 85060. ಲಿಖಿತ ಎಂಬ ಪದದ ಕೆಳಗೆ ಎರಡು ಗೆರೆ ಎಳೆದುಕೊಳ್ಳಿ. ‘ನೋಡಿದೆ, ಸರಿಯಿದೆ’ ಎಂದು ಫೋನಿನಲ್ಲಿ ಹೇಳಿದ್ದಕ್ಕೆ 85060 ಇಲ್ಲ.

ವೈದ್ಯರು ಸಿಬಿಸಿಯ ಜೊತೆ ಕೈಯಿಂದ ಮಾಡಿದ ಡಿಫ್ ಬೇಕು ಎಂದು ಬರೆದಿದ್ದರೆ ಜೋಡಿ 85027 ಮತ್ತು 85007. ಇಲ್ಲಿ 85025 ಹಾಕಿ ಪಕ್ಕದಲ್ಲಿ 85007 ಹಾಕಿದರೆ ಒಂದೇ ಮಾಹಿತಿಗೆ, ಅಂದರೆ ಬಿಳಿ ಕಣಗಳ ವಿಂಗಡಣೆಗೆ, ಎರಡು ಸಲ ದುಡ್ಡು ಕೇಳಿದಂತಾಗುತ್ತದೆ. ಹಾಗೆಯೇ 85027 ಮತ್ತು 85004 ಒಂದೇ ಮಾದರಿಯ ಮೇಲೆ ಬಂದರೆ ಎರಡೂ ಕೂಡಿ 85025 ಆಗಬೇಕು. ಬೆಳಿಗ್ಗೆ ಸಿಬಿಸಿ ಕೇಳಿದ ವೈದ್ಯರು ಮಧ್ಯಾಹ್ನ ಅದೇ ಕೊಳವೆಯ ಮೇಲೆ ಡಿಫ್ ಕೂಡ ಮಾಡಿ ಎಂದಾಗ ಇದು ಆಗುತ್ತದೆ. ಎರಡು ಆದೇಶ, ಎರಡು ಸಮಯ, ಆದರೂ ಕೋಡ್ ಒಂದು.

ಈಗ ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ವರದಿಯಲ್ಲಿ ಪ್ಲೇಟ್‌ಲೆಟ್ 38,000 ಎಂದು ಬಂದಿತ್ತು, ಪಕ್ಕದಲ್ಲಿ ‘ಗುಂಪುಗೂಡಿವೆ’ ಎಂಬ ಟಿಪ್ಪಣಿ. ಸಿಬಿಸಿಗೆ ರಕ್ತ ತೆಗೆಯುವ ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದೇ ರಾಸಾಯನಿಕದಿಂದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಯಂತ್ರಕ್ಕೆ ಆ ಗುಂಪು ಪ್ಲೇಟ್‌ಲೆಟ್‌ನಂತೆ ಕಾಣುವುದಿಲ್ಲ, ಎಣಿಕೆ ಪಾತಾಳಕ್ಕಿಳಿಯುತ್ತದೆ. ರೋಗಿ ಮಾತ್ರ ಆರೋಗ್ಯವಾಗಿಯೇ ಇರುತ್ತಾರೆ. ಪ್ರಯೋಗಾಲಯದವರು ಸರಿಯಾದದ್ದನ್ನೇ ಮಾಡಿದರು. ಸಿಟ್ರೇಟ್ ಇರುವ ನೀಲಿ ಮುಚ್ಚಳದ ಕೊಳವೆಯಲ್ಲಿ ಮತ್ತೆ ರಕ್ತ ತೆಗೆದು ಓಡಿಸಿದರು. ಯಂತ್ರ 1,75,000 ಎಂದಿತು. ಆ ಕೊಳವೆಯಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರವ ಸೇರುವುದರಿಂದ 1.1ರಿಂದ ಗುಣಿಸಿ 1,92,500 ಎಂದು ವರದಿ ಕೊಟ್ಟರು. ನನ್ನ ಪರದೆಯ ಮೇಲೆ ಎರಡು ಸಾಲು ಬಂದು ಕೂತವು: 85025, ಅದರ ಕೆಳಗೆ 85049.

ನಾನು ಮಾಡಿದ್ದೇನು? ಎರಡು ಸಲ ರಕ್ತ ತೆಗೆದಿದ್ದಾರೆ, ಎರಡು ಸಲ ಯಂತ್ರ ಓಡಿದೆ, ಎರಡು ಫಲಿತಾಂಶ ಇದೆ. ಒಂದೇ ದಿನ ಮತ್ತೆ ಮಾಡಿದ ಪರೀಕ್ಷೆಗೆ ಮಾಡಿಫೈಯರ್ 91 ಎಂದು ಪಾಠದಲ್ಲಿ ಓದಿದ್ದೆ. 85049ರ ಬಾಲಕ್ಕೆ 91 ಅಂಟಿಸಿ ಕಳುಹಿಸಿದೆ. ನಮ್ಮ ಕಚೇರಿಯ ಪರಿಶೋಧಕರು ಮರುವಾರ ಕರೆದು, ‘ಎರಡನೇ ಸಲ ಮಾಡಿದ್ದು ಯಾರ ಸಲುವಾಗಿ?’ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ರೋಗಿಯ ಸ್ಥಿತಿ ಬದಲಾಯಿತೇ ಎಂದು ನೋಡಲು ಮಾಡಿದ್ದಲ್ಲ. ಮೊದಲ ಉತ್ತರ ನಂಬಲರ್ಹವಾಗಿರಲಿಲ್ಲ ಎಂದು ಮಾಡಿದ್ದು. ಕೇಳಿದ ಒಂದು ಪರೀಕ್ಷೆಗೆ ಸರಿಯಾದ ಉತ್ತರ ಕೊಡುವವರೆಗೆ ಪ್ರಯೋಗಾಲಯ ಪಡುವ ಪಾಡೆಲ್ಲ ಆ ಒಂದು ಪರೀಕ್ಷೆಯ ಭಾಗವೇ. ಎನ್‌ಸಿಸಿಐ ಕೈಪಿಡಿಯಲ್ಲಿ ಇದಕ್ಕೆ ಹತ್ತಿರದ ಉದಾಹರಣೆಯೇ ಇದೆ: ರಕ್ತ ಕ್ಯಾನ್ಸರ್ ರೋಗಿಯ ಪ್ಲೇಟ್‌ಲೆಟ್ ಕಡಿಮೆ ಬಂದು, ಯಂತ್ರದ ಎಣಿಕೆಯನ್ನು ಖಚಿತಪಡಿಸಲು ಕೈಯಿಂದ ಎಣಿಸಿದರೆ, 85027ರ ಜೊತೆ ಕೈ ಎಣಿಕೆಯ 85032 ಹಾಕಬಾರದು. ನನ್ನ ಪ್ರಕರಣದಲ್ಲಿ ಉಳಿಯಬೇಕಾದದ್ದು 85025 ಒಂದೇ.

ಹಾಗಾದರೆ 91 ಯಾವಾಗ? ಹೊಟ್ಟೆಯೊಳಗೆ ರಕ್ತಸ್ರಾವವೆಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರ ಹಿಮೋಗ್ಲೋಬಿನ್ ಬೆಳಿಗ್ಗೆ ಆರಕ್ಕೆ 9.8, ಹತ್ತಕ್ಕೆ 8.6, ಮಧ್ಯಾಹ್ನ ಎರಡಕ್ಕೆ 8.5. ಇಲ್ಲಿ ಪ್ರತಿ ಎಣಿಕೆಯೂ ಹೊಸ ಪ್ರಶ್ನೆ: ರಕ್ತ ಇನ್ನೂ ಸೋರುತ್ತಿದೆಯೇ, ನಿಂತಿತೇ? ಮೊದಲನೆಯದು 85018, ನಂತರದವು 85018ಕ್ಕೆ 91 ಸೇರಿಸಿ. ಅದೇ ರೋಗಿಯನ್ನು ಒಳರೋಗಿಯಾಗಿ ದಾಖಲಿಸಿಕೊಂಡರೆ ಮೆಡಿಕೇರ್‌ನಲ್ಲಿ ಈ ಲೆಕ್ಕದ ಮಹತ್ವವೇ ಬದಲಾಗುತ್ತದೆ. ಅಲ್ಲಿ ಇಡೀ ದಾಖಲಾತಿಗೆ ಒಂದು ಇಡಿಗಂಟು ಕೊಡುತ್ತಾರೆ. ಸಿಬಿಸಿ ಹತ್ತು ಸಲ ಮಾಡಿದರೂ ಆ ಗಂಟು ದಪ್ಪವಾಗುವುದಿಲ್ಲ.

ಉಳಿದ ಮಾಡಿಫೈಯರ್‌ಗಳನ್ನು ಬೇಗ ಮುಗಿಸುತ್ತೇನೆ. ಸಣ್ಣ ಕ್ಲಿನಿಕ್‌ಗಳು ಪ್ರಯೋಗಾಲಯಗಳ ಗುಣಮಟ್ಟ ಕಾಯುವ 1988ರ ಕ್ಲಿಯಾ ಕಾನೂನಿನ ಅಡಿ ವಿನಾಯಿತಿ ಪ್ರಮಾಣಪತ್ರ ಇಟ್ಟುಕೊಂಡು ಸುಲಭ ಪರೀಕ್ಷೆಗಳನ್ನು ಮಾತ್ರ ಮಾಡುತ್ತವೆ. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುವ ಕೈಯಂತ್ರ ಅಂಥದು. 85018ರ ಜೊತೆ ಕ್ಯೂಡಬ್ಲ್ಯೂ ಬರೆಯದಿದ್ದರೆ ಕ್ಲೈಮ್ ತಿರಸ್ಕೃತ. ವಿನಾಯಿತಿ ಪಡೆದ ಸಿಬಿಸಿ ಯಂತ್ರವೊಂದಕ್ಕೆ 2017ರಲ್ಲಿ ಒಪ್ಪಿಗೆ ಸಿಕ್ಕ ಮೇಲೆ 85025ಕ್ಕೂ ಈ ಬಾಲ ಬರತೊಡಗಿತು. ಮಾದರಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳುಹಿಸಿ ಮಾಡಿಸಿದರೆ 90. ರಕ್ತನಾಳದಿಂದ ರಕ್ತ ತೆಗೆದದ್ದಕ್ಕೆ 36415. ಒಂದು ಚುಚ್ಚಿಗೆ ಒಂದು, ಕೊಳವೆ ಮೂರು ತುಂಬಿಸಿದರೂ ಒಂದೇ.

ಏಕೆ ಮಾಡಿಸಿದಿರಿ?

ಕೋಡ್ ಸರಿಯಾದರೂ ಕ್ಲೈಮ್ ತಿರುಗಿ ಬರಬಹುದು. ಏನು ಮಾಡಿದಿರಿ ಎಂಬುದಕ್ಕೆ ಸಿಪಿಟಿ ಉತ್ತರಿಸುತ್ತದೆ, ಏಕೆ ಮಾಡಿದಿರಿ ಎಂಬುದಕ್ಕೆ ರೋಗನಿರ್ಣಯದ ಐಸಿಡಿ ಕೋಡ್. ಅಮೆರಿಕದಲ್ಲಿ ಅದರ ಹತ್ತನೇ ಆವೃತ್ತಿ 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿದೆ. ಇಲ್ಲಿನ ದೊಡ್ಡ ಬಲೆ ‘ಇರಬಹುದು’ ಎಂಬ ಪದ. ಹೊರರೋಗಿ ದಾಖಲೆಯಲ್ಲಿ ‘ಡೆಂಗಿ ಇರಬಹುದು’, ‘ರಕ್ತಹೀನತೆಯ ಅನುಮಾನ’ ಎಂದು ಬರೆದದ್ದನ್ನು ರೋಗವೆಂದು ಕೋಡ್ ಮಾಡುವಂತಿಲ್ಲ. ನ್ಯೂಜೆರ್ಸಿಯ ಆ ರೋಗಿಗೆ ಮೊದಲ ದಿನ ಹಾಕಬೇಕಾದದ್ದು ಆರ್50.9, ಬರೀ ಜ್ವರ. ಡೆಂಗಿ ದೃಢಪಟ್ಟ ಮೇಲಷ್ಟೇ ಎ90. ಅನುಮಾನದ ದಿನವೇ ಎ90 ಹಾಕಿಬಿಟ್ಟರೆ, ಪರೀಕ್ಷೆಯಲ್ಲಿ ಡೆಂಗಿ ಇಲ್ಲವೆಂದು ಬಂದರೂ ಆ ಮನುಷ್ಯನ ವಿಮಾ ದಾಖಲೆಯಲ್ಲಿ ಡೆಂಗಿ ಉಳಿದುಬಿಡುತ್ತದೆ. ಸುಸ್ತು ಎಂದು ಬಂದವರಿಗೆ ರಕ್ತಹೀನತೆಯ ಅನುಮಾನದ ಮೇಲೆ ಸಿಬಿಸಿ ಮಾಡಿಸಿದರೆ ಆರ್53.83, ಸುಸ್ತು. ಹಿಮೋಗ್ಲೋಬಿನ್ ಕಡಿಮೆ ಬಂತೆಂದು ವರದಿ ನೋಡಿ ಕೋಡರ್ ತಾನೇ ಡಿ64.9 ಬರೆದುಕೊಳ್ಳುವುದೂ ತಪ್ಪು. ರೋಗದ ಹೆಸರು ಹೇಳಬೇಕಾದವರು ವೈದ್ಯರು.

ಮೆಡಿಕೇರ್ ರಕ್ತ ಎಣಿಕೆಗೆಂದೇ ಒಂದು ರಾಷ್ಟ್ರೀಯ ನಿಯಮ ಮಾಡಿದೆ, ಸಂಖ್ಯೆ 190.15. ಬೇರೆ ಹಲವು ಪರೀಕ್ಷೆಗಳ ನಿಯಮಗಳಲ್ಲಿ ಯಾವ ರೋಗಗಳಿಗೆ ದುಡ್ಡು ಕೊಡುತ್ತೇವೆ ಎಂಬ ಪಟ್ಟಿ ಇದ್ದರೆ, ಇದರಲ್ಲಿ ಉಲ್ಟಾ: ಯಾವುದಕ್ಕೆ ಕೊಡುವುದಿಲ್ಲ ಎಂಬ ಪಟ್ಟಿ. ಸಿಬಿಸಿ ಬೇಕಾಗುವ ಸಂದರ್ಭಗಳು ಅಷ್ಟೊಂದು ಇರುವುದರಿಂದ ಬೇಡದ್ದನ್ನು ಹೇಳುವುದೇ ಸುಲಭ. ಯಾವ ತೊಂದರೆಯೂ ಇಲ್ಲದೆ ವಾರ್ಷಿಕ ತಪಾಸಣೆ ಎಂದು ಮಾಡಿಸಿದ ಸಿಬಿಸಿಗೆ ಅಲ್ಲಿ ದುಡ್ಡಿಲ್ಲ. ಮಗನ ಮನೆಗೆ ಹೋಗಿ ಅಲ್ಲೇ ನೆಲೆಸಿ ಮೆಡಿಕೇರ್‌ಗೆ ಸೇರಿದ ನಮ್ಮ ಹಿರಿಯರು ‘ಎಲ್ಲ ಒಮ್ಮೆ ಚೆಕ್ ಮಾಡಿಬಿಡಿ ಡಾಕ್ಟ್ರೇ’ ಎಂದು ಊರಿನ ಅಭ್ಯಾಸದಲ್ಲಿ ಹೇಳಿದಾಗ, ವಿಮೆ ಕೊಡಲಿಕ್ಕಿಲ್ಲ ಎಂಬ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುವುದುಂಟು. ಎಬಿಎನ್ ಎನ್ನುತ್ತಾರೆ ಅದಕ್ಕೆ. ಸಹಿ ಹಾಕಿದರೆ ಬಿಲ್ ಮನೆಗೆ ಬರಬಹುದು, ಓದಿ ಹಾಕಿ. ‘ಸಾಮಾನ್ಯ ಆರೋಗ್ಯ ಪ್ಯಾನೆಲ್’ ಎಂಬ 80050 ಕೂಡ ಇದೇ ಜಾತಿಯದು. ಡಿಫ್ ಸಹಿತ ಸಿಬಿಸಿ, ಥೈರಾಯ್ಡ್‌ನ ಟಿಎಸ್‌ಎಚ್, ಹದಿನಾಲ್ಕು ರಾಸಾಯನಿಕಗಳ ಪ್ಯಾನೆಲ್ ಮೂರೂ ಸೇರಿದ ಕಟ್ಟು. ಖಾಸಗಿ ವಿಮೆಗಳಲ್ಲಿ ನಡೆಯುತ್ತದೆ, ಮೆಡಿಕೇರ್‌ನಲ್ಲಿ ನಡೆಯದು.

ಇನ್ನು ಆ ಮೊದಲ ದಿನದ ಹಾಳೆ. ಅದಕ್ಕೆ ಎರಡನೇ ಪುಟವೊಂದಿದೆ, ವೈದ್ಯರ ಕಚೇರಿಯಿಂದ ಪ್ರಯೋಗಾಲಯಕ್ಕೆ ಹೋದ ಆದೇಶದ ನಮೂನೆ. ಅದರಲ್ಲಿ ‘ಸಿಬಿಸಿ, ಡಿಫ್ ಸಹಿತ’, ‘ಸಿಬಿಸಿ, ಡಿಫ್ ರಹಿತ’ ಎಂದು ಎರಡು ಚೌಕಗಳಿವೆ. ಆ ಪುಟವನ್ನು ನಾನಾಗಿ ಕೊಡುವುದಿಲ್ಲ, ‘ಆದೇಶದ ಮೂಲಪ್ರತಿ ಎಲ್ಲಿ?’ ಎಂದು ಕೇಳಿದವರಿಗೆ ಮಾತ್ರ ಕೊಡುತ್ತೇನೆ. ನನ್ನ ಮೇಜಿನ ಖಾನೆಯಲ್ಲಿ ಅದರ ಎರಡು ಬಗೆಯ ಪ್ರತಿಗಳಿವೆ, ಒಂದರಲ್ಲಿ ಮೇಲಿನ ಚೌಕಕ್ಕೆ ಗುರುತು, ಇನ್ನೊಂದರಲ್ಲಿ ಕೆಳಗಿನದಕ್ಕೆ. ಕಳೆದ ತಂಡದಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ ಮಾತ್ರ ಕೇಳಿದಳು. ಕೈಗೆ ಸಿಕ್ಕಿದ ಪ್ರತಿ ಕೊಟ್ಟೆ. ನೋಡಿ, 85027 ಎಂದು ಬರೆದು ಹಿಂದಿರುಗಿಸಿದಳು.